ಬುಟ್ಟಿಚೆಂಡು ಯಾರ ಆಟ?

ಬ್ಯಾಸ್ಕೆಟ್‌ಬಾಲು ಪಟ್ಟಣದ ಹುಡುಗರ ಆಟ. ಆಳಂದ, ಅಫಜಲಪುರ, ಜೇವರ್ಗಿಯ ಮಕ್ಕಳಿಗೆ ಕಬಡ್ಡಿ, ಖೊಖೊ, ಕುಸ್ತಿಗಳೇ ಸಹಜ ಎಂದು ನಮ್ಮಲ್ಲಿ ಅನೇಕರು, ಅದರಲ್ಲಿಯೂ ಓದು ಬಲ್ಲವರು, ನಂಬಿದ್ದಾರೆ. ವಿಶ್ವವಿದ್ಯಾಲಯದ ವಾರ್ಷಿಕ ಅಂತರ ಕಾಲೇಜು ಪಂದ್ಯಾವಳಿ ಬಂದಾಗಲೆಲ್ಲ ಈ ಮಾತು ಕಿವಿಗೆ ಬೀಳುತ್ತದೆ. ಕನ್ನಡ ಪಾಠ ಹೇಳುವವನಿಗೆ ಚೆಂಡಾಟದ ಗೊಡವೆ ಏಕೆ ಎಂದು ವಾಚಕರು ಕೇಳಬಹುದು. ಇಲ್ಲಿ 'ಸಹಜ' ಎಂಬ ಶಬ್ದದ ಅಪಪ್ರಯೋಗವಾಗಿದೆ. ಅದು ನನ್ನ ಇಲಾಖೆಗೇ ಸೇರಿದ್ದು.

1891ರ ಡಿಸೆಂಬರಿನಲ್ಲಿ ಅಮೆರಿಕೆಯ ಸ್ಪ್ರಿಂಗ್‌ಫೀಲ್ಡಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಅಧ್ಯಾಪಕನು, ಚಳಿಗಾಲದಲ್ಲಿ ಒಳಗೇ ಆಡುವ ಹೊಸ ಆಟವೊಂದಕ್ಕಾಗಿ ಎರಡು ಪೆಟ್ಟಿಗೆ ಕೇಳಿದನು. ಜವಾನನ ಬಳಿ ಇದ್ದದ್ದು ಪೀಚ್ ಹಣ್ಣಿನ ಬುಟ್ಟಿಗಳು. ಅವನ್ನೇ ಹತ್ತು ಅಡಿ ಎತ್ತರದಲ್ಲಿ ಮೊಳೆ ಹೊಡೆದು ಕಟ್ಟಿದರು. ತಳವಿದ್ದ ಬುಟ್ಟಿ, ಚೆಂಡು ಬಿದ್ದಾಗಲೆಲ್ಲ ಏಣಿ ಹತ್ತಿ ತೆಗೆಯಬೇಕು! ರಿಂಗಿನ ಎತ್ತರ ಇಂದಿಗೂ ಅಷ್ಟೇ. ಹೀಗೆ ಹುಟ್ಟಿದ ಆಟವನ್ನು ಉಳ್ಳವರದೆನ್ನುವುದು ಚೋದ್ಯ. ತೊಗರಿ ರಾಶಿ ಮಾಡುವ ನಮ್ಮ ಊರುಗಳಲ್ಲಿ ಬುಟ್ಟಿಗೇನು ಬರವೆ?

ನಮ್ಮ ದೇಶದಲ್ಲಿ ಇದನ್ನು ಹಬ್ಬಿಸಿದ್ದು ವೈ.ಎಂ.ಸಿ.ಎ.; 1920ರಲ್ಲಿ ಹ್ಯಾರಿ ಬಕ್ ಮದರಾಸಿನಲ್ಲಿ ದೈಹಿಕ ಶಿಕ್ಷಣದ ಶಾಲೆ ತೆರೆದರು. ಅಂತರ ವಿಶ್ವವಿದ್ಯಾಲಯ ಕ್ರೀಡೆಗಳಲ್ಲಿ ಮುಂದಾದವರಿಗೆ ಮೌಲಾನಾ ಆಜಾದ್ ಟ್ರೋಫಿ ಆರಂಭವಾದದ್ದು 1956-57ರಲ್ಲಿ. ಅದೇ 1956ರ ನವೆಂಬರಿನಲ್ಲಿ ನಮ್ಮ ಮೂರು ತಾಲ್ಲೂಕುಗಳು ಹೈದರಾಬಾದು ರಾಜ್ಯದಿಂದ ಕನ್ನಡ ರಾಜ್ಯಕ್ಕೆ ಬಂದವು. ಅಲ್ಲಿಯವರೆಗೆ ವಿಶ್ವವಿದ್ಯಾಲಯವೆಂದರೆ ಉಸ್ಮಾನಿಯಾ, ಆಮೇಲೆ ಧಾರವಾಡ. 1970ರಲ್ಲಿ ಗುಲ್ಬರ್ಗಕ್ಕೆ ಸ್ನಾತಕೋತ್ತರ ಕೇಂದ್ರ, 1980ರಲ್ಲಿ ಸ್ವಂತ ವಿಶ್ವವಿದ್ಯಾಲಯ. ಇಷ್ಟು ಹತ್ತಿರ ಬಂದದ್ದು ಕೊನೆಯ 40 ಕಿಲೋಮೀಟರು ಬರಲಾರದೆ ನಿಂತಿದೆ.

ಕಾರಣ ಗುಟ್ಟೇನಲ್ಲ. ಅಂಗಣವಿದ್ದ ಕಾಲೇಜಿಗೇ ಪಂದ್ಯಾವಳಿಯ ಆತಿಥ್ಯ. ಆತಿಥ್ಯ ವಹಿಸಿದ ಕಾಲೇಜಿಗೇ ಅಂಗಣದ ದುರಸ್ತಿ. ಇಲ್ಲದವರು ಇಲ್ಲದವರಾಗಿಯೇ ಬಂದು, ಮೊದಲ ಸುತ್ತಿನಲ್ಲಿ ಸೋತು, ಕೊನೆಯ ಬಸ್ಸು ಹಿಡಿಯುತ್ತಾರೆ. ಆಮೇಲೆ ನಾವು ಅವರ 'ಸಹಜ'ದ ಮಾತಾಡುತ್ತೇವೆ! ಹಿಂದೆ ನಾನಿದ್ದ ತಾಲ್ಲೂಕು ಕಾಲೇಜೊಂದರ ಹುಡುಗರು ಎರೆ ಮಣ್ಣಿನ ಬಯಲಿನಲ್ಲಿ ಕಲಿತು ಹೋಗಿದ್ದರು. ತಿರುಗಿ ಬಂದ ಒಬ್ಬನು ಹೇಳಿದ: "ಸರ, ಸಿಮೆಂಟಿನ ಮ್ಯಾಲ ಚೆಂಡು ಇಷ್ಟ ಜಿಗೀತದ ಅಂತ ಗೊತ್ತೇ ಇರ್ಲಿಲ್ರಿ." ಅವನು ದೂರುತ್ತಿರಲಿಲ್ಲ, ಬೆರಗುಪಡುತ್ತಿದ್ದ. ಅದು ನನಗೆ ಇನ್ನಷ್ಟು ಚುಚ್ಚಿತು.

ಹಣವೆಲ್ಲಿ ಎನ್ನುವವರಿಗೆ ಲೆಕ್ಕ ಹೇಳುತ್ತೇನೆ. ಅಂಗಣ 28 ಮೀಟರು ಉದ್ದ, 15 ಮೀಟರು ಅಗಲ. ಒಟ್ಟು 420 ಚದರ ಮೀಟರು. ಮದುವೆ ಮಂಟಪಕ್ಕೆ ಇದಕ್ಕಿಂತ ಹೆಚ್ಚು ಸಿಮೆಂಟು ಸುರಿಯುತ್ತೇವೆ. 371 (ಜೆ) ವಿಧಿ ಬಂದ ಮೇಲೆ, 2013ರಿಂದ, ಈ ಪ್ರದೇಶದ ಅಭಿವೃದ್ಧಿಗೆಂದೇ ಒಂದು ಮಂಡಳಿಯೂ ಇದೆ. ಬಳ್ಳಾರಿ, ರಾಯಚೂರುಗಳು ಬೇರೆ ವಿಶ್ವವಿದ್ಯಾಲಯಗಳಾಗಿ ಹೋದ ಮೇಲೆ ವ್ಯಾಪ್ತಿ ದೊಡ್ಡದೆಂಬ ನೆಪವೂ ಸವೆದಿದೆ.

ಆದುದರಿಂದ ಪಂದ್ಯಾವಳಿಯನ್ನು ಒಂದು ವರ್ಷ ಆಳಂದದಲ್ಲಿ, ಮರುವರ್ಷ ಅಫಜಲಪುರದಲ್ಲಿ, ಬಳಿಕ ಜೇವರ್ಗಿಯಲ್ಲಿ ನಡೆಸಲಿ. ಅಂಗಣವನ್ನು ಆರು ತಿಂಗಳು ಮೊದಲೇ ಕಟ್ಟಲಿ. ರಾತ್ರಿ ಪರಊರಿನಲ್ಲಿ ತಂಗಲು ಮನೆಯವರು ಒಪ್ಪದ ಹುಡುಗಿಯರ ಹೆಸರನ್ನು ತಂಡದ ಪಟ್ಟಿಯಲ್ಲಿ ಮೊದಲು ಬರೆಯಲಿ.