ಸ್ವೆಟರ್ ಅಂಗಡಿಯಲ್ಲಿ ಕ, ಖ, ಗ

ಮಕ್ಕಳೇ, ನಮ್ಮ ಬಳ್ಳಾರಿ ಸೀಮೆಗೆ ಚಳಿ ಎಂಬುದು ಅವಸರದ ನೆಂಟ. ಬಂದಷ್ಟೇ ಬೇಗ ಹೊರಟುಬಿಡುತ್ತದೆ. ಆದರೂ ಸಿರುಗುಪ್ಪದಲ್ಲಿ ಆರನೇ ತರಗತಿ ಓದುವ ನನ್ನ ಮೊಮ್ಮಗಳು, ಬೆಳಿಗ್ಗೆ ಹೊಳೆ ಕಡೆಯ ಗಾಳಿಗೆ ಹಲ್ಲು ಕಟಕಟ ಅನ್ನುತ್ತವೆ ಎಂದಳು. ನಾನು ಕುರುಗೋಡಿನಿಂದ, ಅವಳು ತಾಯಿಯ ಜೊತೆ ಸಿರುಗುಪ್ಪದಿಂದ ಬಸ್ಸು ಹತ್ತಿ ಬಳ್ಳಾರಿಯಲ್ಲಿ ಸೇರಿದೆವು. ನೇರ ಟಿಬೆಟನ್ನರ ಸ್ವೆಟರ್ ಅಂಗಡಿಗೆ ಹೋದೆವು.

“ಹುಡುಗಿಗೆ ಕೆಂಪು ಒಪ್ತದ ನೋಡ್ರಿ ಅಜ್ಜಾರ” ಎಂದರು ಅಂಗಡಿಯಾಕೆ. ಐವತ್ತರ ಆಸುಪಾಸಿನ ಹೆಂಗಸು.

“ಯಾವೂರಮ್ಮ ನಿಮ್ದು?”

“ಮುಂಡಗೋಡ ರೀ. ನಾ ಹುಟ್ಟಿದ್ದೂ ಅಲ್ಲೇ. ನಮ್ಮವ್ವ ಟಿಬೆಟ್‌ನಾಗ ಹುಟ್ಟಿದಾಕಿ.”

ಮೊಮ್ಮಗಳು ಸುಮ್ಮನಿರುತ್ತಾಳೆಯೇ? “ಹಂಗಾದ್ರೆ ನೀವು ಟಿಬೆಟ್ ನೋಡೇ ಇಲ್ವಾ ಆಂಟಿ?”

“ಇಲ್ಲ ಪುಟ್ಟಿ” ಎಂದವರು, ಮಡಚಿಟ್ಟ ಸ್ವೆಟರನ್ನು ಬಿಚ್ಚಿ ಮತ್ತೆ ಮಡಚಿದರು.

ನಾನು ಮೂವತ್ತು ವರ್ಷ ಭೂಗೋಳ ಪಾಠ ಮಾಡಿದವನು. ಮೇಷ್ಟರ ಬಾಯಿ ನಿವೃತ್ತಿಯಾಗುವುದಿಲ್ಲ. ಅಲ್ಲೇ ಶುರು ಮಾಡಿದೆ.

ಬಳ್ಳಾರಿ ಸಮುದ್ರಮಟ್ಟದಿಂದ 500 ಮೀಟರ್ ಎತ್ತರವೂ ಇಲ್ಲ. ಟಿಬೆಟಿನ ಲಾಸಾ ನಗರ ಇರುವುದು ಸುಮಾರು 3,650 ಮೀಟರ್ ಎತ್ತರದಲ್ಲಿ! ನಮ್ಮ ಕೋಟೆ ಗುಡ್ಡ ಹತ್ತುವಾಗಲೇ ಏದುಸಿರು ಬಿಡುವ ನಾನು ಅಲ್ಲಿ ಏನಾಗುತ್ತಿದ್ದೆನೋ. ಮುಂಗಾರಿನ ಮೋಡಗಳನ್ನು ಹಿಮಾಲಯ ತಡೆಯುವುದರಿಂದ ಅಲ್ಲಿ ಮಳೆ ಕಡಿಮೆ. ಪಶ್ಚಿಮಘಟ್ಟದ ಹಿಂದೆ ಕುಳಿತ ನಮ್ಮ ಕಥೆಯೂ ಅದೇ ಅಲ್ಲವೇ? ನಮಗೆ ತುಂಗಭದ್ರೆ ಇರುವಂತೆ ಅವರಿಗೆ ಸಾಂಗ್ಪೋ ನದಿ. ಅದೇ ಭಾರತಕ್ಕೆ ಇಳಿದು ಬ್ರಹ್ಮಪುತ್ರ ಆಗುತ್ತದೆ. ಸಿಂಧೂ, ಸಟ್ಲೆಜ್ ಹುಟ್ಟುವುದೂ ಟಿಬೆಟಿನಲ್ಲೇ. ಹೊಲದಲ್ಲಿ ಬಾರ್ಲಿ ಬೆಳೆಯುತ್ತಾರೆ. ಅದನ್ನು ಹುರಿದು ಬೀಸಿ, ಬೆಣ್ಣೆ ಹಾಕಿದ ಚಹಾದಲ್ಲಿ ಕಲಸಿ ತಿನ್ನುತ್ತಾರೆ. ನಮ್ಮ ಹುರಿಹಿಟ್ಟಿನ ನೆಂಟ ಅನ್ನಿ.

ಏಳನೇ ಶತಮಾನದಲ್ಲಿ ಸಾಂಗ್‌ಸೆನ್ ಗಾಂಪೋ ಎಂಬ ರಾಜ ಅಲ್ಲಿ ದೊಡ್ಡ ರಾಜ್ಯ ಕಟ್ಟಿದ. ತನ್ನ ಭಾಷೆಗೆ ಲಿಪಿ ಬೇಕೆಂದು ತೋನ್‌ಮಿ ಸಂಭೋಟ ಎಂಬ ಮಂತ್ರಿಯನ್ನು ಭಾರತಕ್ಕೆ ಕಳುಹಿಸಿದ ಎಂದು ಟಿಬೆಟನ್ನರು ಹೇಳುತ್ತಾರೆ. ನಾನು ಇಷ್ಟು ಹೇಳುವಷ್ಟರಲ್ಲಿ ಅಂಗಡಿಯಾಕೆ ನಕ್ಕು, “ಕ, ಖ, ಗ, ಙ…” ಎಂದು ಶುರು ಮಾಡಿದರು! ಮೊಮ್ಮಗಳು ಕಣ್ಣರಳಿಸಿದಳು. “ಅಯ್ಯೋ, ನಮ್ಮ ‘ಘ’ ಎಲ್ಲಿ ಹೋಯ್ತು?”

“ನಮ್ಮಲ್ಲಿ ಅದಿಲ್ಲವ್ವ” ಎಂದರು ಅವರು. ಕನ್ನಡ ಲಿಪಿಯೂ ಟಿಬೆಟ್ ಲಿಪಿಯೂ ಬ್ರಾಹ್ಮಿಯ ವಂಶದವು. ಹತ್ತಿರದವಲ್ಲ, ದೂರದ ದಾಯಾದಿಗಳು.

ಮುಂದಿನ ಕಥೆಯನ್ನು ಅವರೇ ಹೇಳಲಿ ಎಂದು ನಾನು ಸುಮ್ಮನಾದೆ. ಅವರು ಬಿಲ್ಲು ಬರೆಯತೊಡಗಿದರು. ಹಾಗಾಗಿ ನಿಮಗೆ ನಾನೇ ಹೇಳುತ್ತೇನೆ. 1950ರಲ್ಲಿ ಚೀನಾದ ಸೇನೆ ಟಿಬೆಟಿನೊಳಗೆ ಬಂತು. 1959ರ ಮಾರ್ಚ್ 10ರಂದು ಲಾಸಾದಲ್ಲಿ ಜನ ದಂಗೆ ಎದ್ದರು. ದಂಗೆಯನ್ನು ಹತ್ತಿಕ್ಕಲಾಯಿತು. ದಲೈ ಲಾಮಾ ಹಿಮದ ಕಣಿವೆಗಳನ್ನು ದಾಟಿ ಮಾರ್ಚ್ 31ರಂದು ಭಾರತಕ್ಕೆ ಕಾಲಿಟ್ಟರು. ಅವರ ಹಿಂದೆ ಸಾವಿರಾರು ಜನ, ಬೆನ್ನ ಮೇಲೆ ಮಕ್ಕಳನ್ನು ಹೊತ್ತು ಬಂದರು. ನಮ್ಮ ರಾಜ್ಯ ಮೊದಲು ಬೈಲಕುಪ್ಪೆಯಲ್ಲಿ, 1966ರಲ್ಲಿ ಮುಂಡಗೋಡದಲ್ಲಿ ಅವರಿಗೆ ಜಮೀನು ಕೊಟ್ಟಿತು. ಕಾಡು ಕಡಿದು ಹೊಲ ಮಾಡಿಕೊಂಡರು. ಎಸ್. ನಿಜಲಿಂಗಪ್ಪನವರ ನೆರವನ್ನು ದಲೈ ಲಾಮಾ ಎಷ್ಟೋ ಸಲ ನೆನೆದಿದ್ದಾರೆ. ಅಂದ ಹಾಗೆ, ನಿಜಲಿಂಗಪ್ಪನವರು ಹುಟ್ಟಿದ ಹಲುವಾಗಲು ಆಗ ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು.

ಬಿಲ್ಲಿನ ಹಿಂದೆ ಅವರು ಮೊಮ್ಮಗಳ ಹೆಸರನ್ನು ಟಿಬೆಟ್ ಅಕ್ಷರದಲ್ಲಿ ಬರೆದುಕೊಟ್ಟಿದ್ದರು. ಆ ಚೀಟಿ ಈಗ ಅವಳ ಸಮಾಜ ಪುಸ್ತಕದೊಳಗಿದೆ. ನಿನ್ನೆ ಫೋನ್ ಮಾಡಿದ್ದಳು. ಆ ಆಂಟಿ ಅಂಗಡಿ ಎತ್ತುವ ಮೊದಲು ಮತ್ತೆ ಬಳ್ಳಾರಿಗೆ ಹೋಗಬೇಕಂತೆ, ಅಟ್ಲಾಸಿನಲ್ಲಿ ಲಾಸಾ ತೋರಿಸಬೇಕಂತೆ.

“ಅವರಿಗೆ ಗೊತ್ತಿರ್ತದಮ್ಮ” ಅಂದೆ.

“ಗೊತ್ತಿದ್ರೂ ತೋರಿಸ್ತೀನಿ ತಾತ” ಅಂದಳು.