ಗಂಗೆಯ ಮೀನು ಮತ್ತು ಋತುಧರ್ಮ

ರೈತನಿಗೆ ಮಳೆನಕ್ಷತ್ರಗಳಿರುವಂತೆ ಗಂಗಾತೀರದ ಬೆಸ್ತನಿಗೂ ಒಂದು ಪಂಚಾಂಗವುಂಟು. ಬೇಸಗೆಯಲ್ಲಿ ನೀರಿಳಿದಾಗ ಮಡುಗಳಲ್ಲಿ ರೋಹು, ಕಾಟ್ಲಾ; ಮಳೆಗಾಲದಲ್ಲಿ ಹೊಳೆ ಕೆಂಪೇರಿದಾಗ, ಮೊಟ್ಟೆಯಿಡಲು ಸಮುದ್ರದಿಂದ ಏರಿಬರುವ ಹಿಲ್ಸಾ. ಹಿಂದೆ ಈ ಮೀನು ಪ್ರಯಾಗದವರೆಗೂ ಹೋಗುತ್ತಿತ್ತು.

ಕಲ್ಕತ್ತೆಯ ಬಂದರಿನ ಹೂಳು ತೊಳೆಯಲೆಂದು ಬಂಗಾಳದ ಫರಕ್ಕಾದಲ್ಲಿ ಕಟ್ಟಿದ ಅಡ್ಡಗಟ್ಟೆ 1975ರಲ್ಲಿ ಕಾರ್ಯಾರಂಭ ಮಾಡಿತು; ಮೀನಿನ ದಾರಿ ಅಲ್ಲಿಗೆ ಕಟ್ಟಿಹೋಯಿತು. ಅದರ ಮೇಲ್ಭಾಗದ ಬಿಹಾರದಲ್ಲಿ ಮಳೆಗಾಲ ಬಂದರೂ ಹಿಲ್ಸಾ ಅಪರೂಪವಾಯಿತು.

ಬಂದರು ಬೇಡವೆಂದು ನಾವು ಹೇಳುವುದಿಲ್ಲ. ಆದರೆ ನದಿಗೆ ಕಟ್ಟೆ ಹಾಕುವಾಗ ಇಂಜಿನಿಯರನಷ್ಟೇ ಬೆಸ್ತನ ಮಾತಿಗೂ ಬೆಲೆಯಿರಬೇಕು. ಬೆಸ್ತನೂ ಸಣ್ಣಕಣ್ಣಿನ ಬಲೆಯಿಂದ ಮರಿಗಳನ್ನು ಬಾಚಬಾರದು. ಋತುವಿಗೆ ತಲೆಬಾಗುವ ಧರ್ಮ ಸರಕಾರಕ್ಕೂ ಬೆಸ್ತನಿಗೂ ಒಂದೇ. ಅದನ್ನು ಮರೆತರೆ ನದಿಯಲ್ಲಿ ನೀರು ಉಳಿದೀತು, ಬದುಕು ಉಳಿಯದು.