ಕಪ್ ಎಣಿಸಿದರೆ ಕೋಚ್ ಕಾಣುವುದಿಲ್ಲ

ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರಿನ ಕಾಲೇಜುಗಳ ದೈಹಿಕ ಶಿಕ್ಷಣ ನಿರ್ದೇಶಕರಲ್ಲಿ ಯಾರು ಮೇಲು ಎಂದು ಕೇಳಿದರೆ ಉತ್ತರ ತಟ್ಟನೆ ಬರುತ್ತದೆ: ಯಾರ ಕಾಲೇಜಿನ ಪ್ರಾಚಾರ್ಯರ ಕೊಠಡಿಯಲ್ಲಿ ಹೆಚ್ಚು ಕಪ್‌ಗಳಿವೆಯೋ ಅವರು. ವಿಶ್ವವಿದ್ಯಾಲಯದ ಏಕವಲಯ ಅಂತರ ಕಾಲೇಜು ಕ್ರೀಡಾಕೂಟದ ಸಮಗ್ರ ವೀರಾಗ್ರಣಿ ಪ್ರಶಸ್ತಿ, ವಿಶ್ವವಿದ್ಯಾಲಯ ತಂಡಕ್ಕೆ ಆಯ್ಕೆಯಾದವರ ಪಟ್ಟಿ, ಪತ್ರಿಕೆಯಲ್ಲಿ ಬಂದ ತಂಡದ ಫೋಟೊ, ಇವಿಷ್ಟೇ ಸದ್ಯದ ಅಳತೆಗೋಲು. ಕೋಚ್‌ಗಳನ್ನು ಹೋಲಿಸಿ ಸ್ಥಾನ ಕೊಡುವುದರಲ್ಲಿ ನನಗೆ ತಕರಾರಿಲ್ಲ. ಹೋಲಿಕೆಯೇ ಇಲ್ಲದ ಕಡೆ ಒಳ್ಳೆಯ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ನನ್ನ ತಕರಾರು ಅಳತೆಯ ಬಗ್ಗೆ. ಒಬ್ಬ ಕೋಚ್ ಎಲ್ಲಿ ಮುಟ್ಟಿದರು ಎಂಬುದನ್ನಷ್ಟೇ ನೋಡಿ, ಎಲ್ಲಿಂದ ಹೊರಟರು ಎಂಬುದನ್ನು ಬಿಟ್ಟುಬಿಟ್ಟರೆ ನಾವು ಅಳೆಯುವುದು ಕೋಚ್‌ನನ್ನಲ್ಲ, ಕಾಲೇಜಿನ ಅನುಕೂಲವನ್ನು.

ಫಲಿತಾಂಶ ಒಂದನ್ನೇ ನಂಬಿದರೆ ಏನಾಗುತ್ತದೆ ಎಂಬುದನ್ನು ಪ್ರೊ ಕಬಡ್ಡಿಯೇ ತೋರಿಸಿದೆ. ರಣಧೀರ್ ಸಿಂಗ್ ಮಾರ್ಗದರ್ಶನದಲ್ಲಿ ಬೆಂಗಳೂರು ಬುಲ್ಸ್ 2019ರ ಜನವರಿಯಲ್ಲಿ ಆರನೇ ಆವೃತ್ತಿಯ ಪ್ರಶಸ್ತಿ ಗೆದ್ದಿತು. ಫೈನಲ್‌ನಲ್ಲಿ ಪವನ್ ಸೆಹ್ರಾವತ್ ಒಬ್ಬರೇ 22 ಅಂಕ ತಂದಿದ್ದರು. ಅದೇ ಕೋಚ್, ಅದೇ ತಂಡ 2024ರ ಹನ್ನೊಂದನೇ ಆವೃತ್ತಿಯಲ್ಲಿ 22 ಪಂದ್ಯಗಳಲ್ಲಿ ಎರಡನ್ನು ಮಾತ್ರ ಗೆದ್ದು ಕೊನೆಯ ಸ್ಥಾನಕ್ಕೆ ಇಳಿಯಿತು. ಅಷ್ಟರಲ್ಲಿ ಅವರು ಕಬಡ್ಡಿಯನ್ನು ಮರೆತುಬಿಟ್ಟಿದ್ದರೇ? ಹಾಗಂತ ಕೋಚ್‌ನಿಂದ ಏನೂ ಆಗುವುದಿಲ್ಲ ಎನ್ನುವುದೂ ಸುಳ್ಳು. ನಮ್ಮ ರಾಜ್ಯದವರೇ ಆದ, ಅರ್ಜುನ ಪ್ರಶಸ್ತಿ ಪಡೆದ ಬಿ.ಸಿ. ರಮೇಶ್ 2019ರಲ್ಲಿ ಬೆಂಗಾಲ್ ವಾರಿಯರ್ಸ್‌ಗೆ, 2024ರಲ್ಲಿ ಪುಣೇರಿ ಪಲ್ಟನ್‌ಗೆ ಕಪ್ ತಂದುಕೊಟ್ಟರು. 2025ರಲ್ಲಿ ಬುಲ್ಸ್‌ಗೆ ಬಂದಾಗ, ಹಿಂದಿನ ವರ್ಷ ತಳದಲ್ಲಿದ್ದ ತಂಡ ಪ್ಲೇ ಆಫ್‌ವರೆಗೆ ಹೋಯಿತು. ಎರಡು ತಂಡಗಳಿಗೆ ಕಪ್, ಮೂರನೆಯದಕ್ಕೆ ಚೇತರಿಕೆ. ರಮೇಶ್ ದೊಡ್ಡವರೆನ್ನಲು ಅವರು ಗೆದ್ದ ಕಪ್‌ಗಳಿಗಿಂತ, ಕೈಗೆ ಬಂದ ಬೇರೆಬೇರೆ ತಂಡಗಳನ್ನು ಇದ್ದಲ್ಲಿಂದ ಮೇಲೆತ್ತಿದ್ದೇ ಗಟ್ಟಿ ಸಾಕ್ಷಿ.

ಕಾಲೇಜು ಕೋಚ್‌ಗಳಿಗೆ ಸ್ಥಾನ ಕೊಡುವುದನ್ನೇ ದೊಡ್ಡ ಉದ್ಯಮ ಮಾಡಿಕೊಂಡ ದೇಶ ಅಮೆರಿಕ. ಅಲ್ಲಿನ ಫುಟ್‌ಬಾಲ್‌ನಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದ ತಂಡ 2023ರಲ್ಲಿ ಮೂರೇ ಪಂದ್ಯ ಗೆದ್ದಿತ್ತು. ಮರುವರ್ಷ ಕರ್ಟ್ ಸಿಗ್ನೆಟಿ ಎಂಬ ಹೊಸ ಕೋಚ್ ಬಂದರು, ಗೆಲುವು ಹನ್ನೊಂದಕ್ಕೇರಿತು. ಅದ್ಭುತ ಕೆಲಸ, ಸಂಶಯವಿಲ್ಲ. ಆದರೆ ತಮ್ಮ ಹಳೆಯ ಕಾಲೇಜಿನಲ್ಲಿ ಪಳಗಿಸಿದ ಹಲವು ಆಟಗಾರರನ್ನು ಅವರು ಜೊತೆಗೇ ಕರೆತಂದಿದ್ದರು. ಅಲ್ಲಿನ ವರ್ಗಾವಣೆ ನಿಯಮ ಅದಕ್ಕೆ ಅವಕಾಶ ಕೊಡುತ್ತದೆ. ನಮ್ಮಲ್ಲೂ ಇದರ ಒಂದು ರೂಪ ಇದೆ. ಮೂಡುಬಿದಿರೆಯ ಆಳ್ವಾಸ್ ಸಂಸ್ಥೆ ಕ್ರೀಡಾ ದತ್ತು ಯೋಜನೆಯಡಿ ನಾಡಿನ ಮೂಲೆಮೂಲೆಯ ಪ್ರತಿಭೆಗಳಿಗೆ ಊಟ, ವಸತಿ, ಓದು ಎಲ್ಲವನ್ನೂ ಉಚಿತವಾಗಿ ಕೊಡುತ್ತದೆ. ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ಸ್‌ನಲ್ಲಿ ಮಂಗಳೂರು ವಿಶ್ವವಿದ್ಯಾಲಯ ವರ್ಷಾನುವರ್ಷ ಮೆರೆದದ್ದರಲ್ಲಿ ಅದರ ಪಾಲು ದೊಡ್ಡದು. ಅದನ್ನು ಮನಸಾರೆ ಮೆಚ್ಚಬೇಕು. ಆದರೆ ಅಲ್ಲಿನ ಕೋಚ್ ಮತ್ತು ಸವಣೂರಿನ ಕೋಚ್ ಗೆದ್ದ ಪದಕಗಳನ್ನು ಒಂದೇ ತಕ್ಕಡಿಗೆ ಹಾಕಿದರೆ ತೂಕ ಸರಿ ಬರುವುದಿಲ್ಲ.

ನಮ್ಮ ನಾಲ್ಕು ತಾಲೂಕುಗಳ ಕೋಚ್ ಕೈಗೆ ಸಿಗುವುದೇನು ಎಂದು ನೋಡಿ. ಪಿಯುಸಿ ಮುಗಿಸಿ, ಬಹುತೇಕ ಹಳ್ಳಿಯಿಂದ ಬಸ್ಸಿನಲ್ಲಿ ಬಂದುಹೋಗುವ ಮಕ್ಕಳು. ಆಡಬಲ್ಲವರಲ್ಲಿ ಕೆಲವರು ಆಗಲೇ ಧಾರವಾಡ, ಹುಬ್ಬಳ್ಳಿಯ ಕಾಲೇಜು ಸೇರಿರುತ್ತಾರೆ. ಕೊನೆಯ ತರಗತಿ ಮುಗಿಯುವ ಹೊತ್ತಿಗೂ ಊರಿನ ಬಸ್ ಹೊರಡುವ ಹೊತ್ತಿಗೂ ನಡುವೆ ಎಷ್ಟು ನಿಮಿಷ ಉಳಿಯುತ್ತದೋ ಅಷ್ಟೇ ತಾಲೀಮು. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ಹುಡುಗಿಯರ ಬಸ್ ಖರ್ಚು ತಪ್ಪಿದೆ, ಆದರೆ ಕತ್ತಲಾಗುವ ಮುನ್ನ ಮನೆ ಸೇರಬೇಕೆಂಬ ಕಟ್ಟು ತಪ್ಪಿಲ್ಲ. ಹಾನಗಲ್ಲಿನದು ಮಲೆನಾಡಿನ ಸೆರಗು. ಮಳೆ ಹಿಡಿದರೆ ಮಣ್ಣಿನ ಅಂಕಣ ವಾರಗಟ್ಟಲೆ ಕೆಸರು. ಮಣ್ಣಿನಲ್ಲಿ ಕಲಿತ ಹುಡುಗ ಮೇಲಿನ ಹಂತದ ಪಂದ್ಯಕ್ಕೆ ಹೋದಾಗ ಕಾಲಡಿ ಮ್ಯಾಟ್ ಇರುತ್ತದೆ. ಮಣ್ಣಿನಲ್ಲಿ ಕಾಲು ಜಾರಿಸಿ ತಿರುಗುವ ರೂಢಿ ಅಲ್ಲಿ ನಡೆಯುವುದಿಲ್ಲ, ಪಾದ ಹಿಡಿದುಕೊಳ್ಳುತ್ತದೆ, ಮಂಡಿ ತಿರುಚುತ್ತದೆ. ಇದನ್ನೆಲ್ಲ ದಾಟಿ ತಂಡವೊಂದು ಸೆಮಿಫೈನಲ್‌ನಲ್ಲಿ ಸೋತರೆ ದಾಖಲೆಯಲ್ಲಿ ಉಳಿಯುವುದು ಸೋಲು ಮಾತ್ರ. ಎಷ್ಟೋ ಕಡೆ ಅದೇ ನಿರ್ದೇಶಕರ ತಲೆಗೆ ಶಿಸ್ತು ಸಮಿತಿ, ಪರೀಕ್ಷಾ ಕೆಲಸ, ಚುನಾವಣಾ ಕರ್ತವ್ಯ ಬೇರೆ. ಖಾಯಂ ನಿರ್ದೇಶಕರೇ ಇಲ್ಲದ ಕಾಲೇಜಿನಲ್ಲಂತೂ ಇತಿಹಾಸವೋ ವಾಣಿಜ್ಯವೋ ಕಲಿಸುವವರ ಹೆಗಲಿಗೆ ಆಟದ ಹೊಣೆ ಹೆಚ್ಚುವರಿಯಾಗಿ ಬೀಳುತ್ತದೆ.

ಹಾಗಾದರೆ ಏನನ್ನು ಅಳೆಯಬೇಕು? ಮೊದಲ ಸೆಮಿಸ್ಟರ್‌ನಲ್ಲಿ ಬಂದ ಹುಡುಗ ಅದಕ್ಕೂ ಮುನ್ನ ಯಾವ ಮಟ್ಟದಲ್ಲಿ ಆಡಿದ್ದ, ಕಾಲೇಜು ಬಿಡುವಾಗ ಯಾವ ಮಟ್ಟದಲ್ಲಿದ್ದ ಎಂಬುದನ್ನು. ರಾಜ್ಯ ಮಟ್ಟದಲ್ಲಿ ಆಡಿ ಬಂದವನು ರಾಜ್ಯ ಮಟ್ಟದಲ್ಲೇ ಉಳಿದರೆ ಕೋಚ್‌ಗೆ ದೊಡ್ಡ ಅಂಕ ಬೇಡ. ತಾಲೂಕು ಮಟ್ಟವನ್ನೂ ಕಾಣದ ಹುಡುಗಿ ವಿಶ್ವವಿದ್ಯಾಲಯ ತಂಡದ ಆಯ್ಕೆ ಶಿಬಿರಕ್ಕೆ ಹೋದರೆ, ಅಲ್ಲಿಂದ ತಿರಸ್ಕೃತಳಾಗಿ ಬಂದರೂ, ಅದು ಕೋಚ್‌ನ ಸಾಧನೆಯೇ. ಮೊದಲ ವರ್ಷ ಅಂಕಣಕ್ಕಿಳಿದ ಹುಡುಗಿಯರಲ್ಲಿ ಎಷ್ಟು ಜನ ಅಂತಿಮ ವರ್ಷದವರೆಗೆ ಆಡಿದರು ಎಂಬ ಒಂದೇ ಅಂಕಿ ಕೋಚ್ ಬಗ್ಗೆ ಹೇಳುವಷ್ಟನ್ನು ಹತ್ತು ಕಪ್‌ಗಳೂ ಹೇಳಲಾರವು; ಏಕೆಂದರೆ ಆ ಅಂಕಿಯ ಹಿಂದೆ ತಂದೆತಾಯಿಯನ್ನು ಒಪ್ಪಿಸಿದ್ದು, ಬಸ್ ಹೊತ್ತಿಗೆ ತಾಲೀಮು ಹೊಂದಿಸಿದ್ದು, ಗಾಯವಾದವಳನ್ನು ಆತುರಪಟ್ಟು ಆಡಿಸದೇ ಕಾದದ್ದು ಎಲ್ಲವೂ ಇದೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ-ಖೋ ವಿಶ್ವಕಪ್ ಗೆದ್ದ ಭಾರತ ಮಹಿಳಾ ತಂಡದಲ್ಲಿ ಟಿ. ನರಸೀಪುರ ತಾಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು. ಅಂಥ ಆಟಗಾರ್ತಿ ಹಳ್ಳಿಯ ಅಂಕಣದಲ್ಲಿ ತಯಾರಾಗುವ ವರ್ಷಗಳಲ್ಲಿ ಅಲ್ಲಿ ಕಲಿಸುವವರ ಹೆಸರು ಯಾವ ಪಟ್ಟಿಯಲ್ಲೂ ಇರುವುದಿಲ್ಲ.

ಕಪ್ ಪ್ರಾಮಾಣಿಕ ಅಳತೆ, ಸುಳ್ಳು ಹೇಳುವುದಿಲ್ಲ; ಬೆಳವಣಿಗೆಯ ಲೆಕ್ಕವನ್ನು ಹೇಗೆ ಬೇಕಾದರೂ ತಿರುಚಬಹುದು ಎನ್ನುವವರಿದ್ದಾರೆ. ಈ ಆಕ್ಷೇಪದಲ್ಲಿ ತಥ್ಯವಿದೆ. ಆದರೆ ಆರಂಭದ ಮಟ್ಟವನ್ನು ಕೋಚ್ ಬರೆಯಬೇಕಾಗಿಲ್ಲ: ಶಾಲೆ ಮತ್ತು ಪಿಯು ಕ್ರೀಡಾಕೂಟಗಳ ಪ್ರಮಾಣಪತ್ರಗಳಿವೆ, ಅಂತರ ಕಾಲೇಜು ಕೂಟಕ್ಕೆ ಪ್ರಾಚಾರ್ಯರ ಸಹಿಯೊಂದಿಗೆ ಹೋಗುವ ಅರ್ಹತಾ ಅರ್ಜಿಗಳಿವೆ. ವರ್ಷವರ್ಷದ ಆ ಅರ್ಜಿಗಳನ್ನು ಒಟ್ಟಿಗಿಟ್ಟರೆ ಯಾರು ಆಟ ಬಿಟ್ಟರು, ಯಾರು ಉಳಿದರು ಎಂಬುದು ತಾನಾಗಿ ತಿಳಿಯುತ್ತದೆ. ಗೆಲುವಿಗೆ ಬೆಲೆಯೇ ಇಲ್ಲವೇ ಎಂಬುದು ಇನ್ನೊಂದು ಪ್ರಶ್ನೆ. ಖಂಡಿತ ಇದೆ. ಗೆಲ್ಲಲೆಂದೇ ಆಡುವುದು, ಸೋಲನ್ನು ಸಮಾಧಾನದ ಮಾತಿನಿಂದ ಮುಚ್ಚುವ ಕೋಚ್ ಮಕ್ಕಳಿಗೆ ಅನ್ಯಾಯ ಮಾಡುತ್ತಾರೆ. ಸಮಬಲರ ನಡುವೆ ಗೆದ್ದ ಪಂದ್ಯಕ್ಕೆ ಪೂರ್ತಿ ಅಂಕ ಸಿಗಲಿ, ಬಲಿಷ್ಠರ ಎದುರು ಗೆದ್ದದ್ದಕ್ಕೆ ಇನ್ನೂ ಹೆಚ್ಚು ಸಿಗಲಿ.

ಇದನ್ನು ಮಾಡಲು ಹಾವೇರಿಯಷ್ಟು ಅನುಕೂಲದ ಜಾಗ ಇನ್ನೊಂದಿಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದಾಗ ಹಿರೇಕೆರೂರಿನ ತಂಡ ಧಾರವಾಡದ ದೊಡ್ಡ ಕಾಲೇಜುಗಳ ಜೊತೆ ಒಂದೇ ಕೂಟದಲ್ಲಿ ಸೆಣಸಬೇಕಿತ್ತು. 2023ರಲ್ಲಿ ಹಾವೇರಿ ವಿಶ್ವವಿದ್ಯಾಲಯ ಬಂದ ಮೇಲೆ ಸ್ಪರ್ಧೆ ಜಿಲ್ಲೆಯ ಅಳತೆಗೆ ಇಳಿದಿದೆ. ಹೆಚ್ಚುಕಡಿಮೆ ಒಂದೇ ಬಗೆಯ ಕೊರತೆಗಳಿರುವ ಕಾಲೇಜುಗಳು ಎದುರುಬದುರಾಗುತ್ತವೆ. ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಅಥವಾ ವಿಲೀನಗೊಳಿಸುವ ಮಾತು 2025ರಲ್ಲಿ ಎದ್ದದ್ದು ನಿಜ. ಅದರ ಗತಿ ಏನೇ ಆಗಲಿ, ದಾಖಲೆ ಇಡುವ ಕೆಲಸ ಅದಕ್ಕಾಗಿ ಕಾಯಬೇಕಿಲ್ಲ. ಮುಂದಿನ ಏಕವಲಯ ಕೂಟದ ಅರ್ಜಿಯಲ್ಲಿ ಎರಡು ಕಾಲಂ ಸೇರಿಸಿದರೆ ಸಾಕು: ಕಾಲೇಜು ಸೇರುವ ಮುನ್ನ ಆಡಿದ ಅತ್ಯುನ್ನತ ಮಟ್ಟ, ಮತ್ತು ಈ ಕಾಲೇಜಿನಲ್ಲಿ ಇದು ಎಷ್ಟನೇ ವರ್ಷದ ಆಟ.